ಸೋತ ದಿನ ಬರುವ ಬೆದರಿಕೆ, ಗೆದ್ದ ದಿನ ಬರುವ ಆಮಿಷ

ಪ್ರಶ್ನೆ: ಮಗಳು ಇಲ್ಲಿನ ಕಾಲೇಜಿನ ಟೆನಿಸ್ ತಂಡದಲ್ಲಿದ್ದಾಳೆ, ರಜೆಯಲ್ಲಿ ಸಣ್ಣ ವೃತ್ತಿಪರ ಟೂರ್ನಿಗಳನ್ನೂ ಆಡುತ್ತಾಳೆ. ಸೋತರೆ ಸಾಕು, ಗುರುತಿಲ್ಲದವರು ಇನ್‌ಸ್ಟಾಗ್ರಾಮ್‌ನಲ್ಲಿ ‘ನಿನ್ನಿಂದ ದುಡ್ಡು ಹೋಯ್ತು’ ಎಂದು ಹೊಲಸಾಗಿ ಬೈಯುತ್ತಾರೆ. ಎಲ್ಲ ಅಳಿಸಿ ಬ್ಲಾಕ್ ಮಾಡು ಎಂದಿದ್ದೇನೆ. ಸರಿಯೇ?
– ಒಬ್ಬ ತಾಯಿ, ನ್ಯೂಜೆರ್ಸಿ

ಉತ್ತರ: ಬ್ಲಾಕ್ ಮಾಡಲಿ, ಆದರೆ ಕೊನೆಯಲ್ಲಿ. ಅಳಿಸುವುದು ಮಾತ್ರ ಬೇಡವೇ ಬೇಡ. ಮೊದಲು ಸ್ಕ್ರೀನ್‌ಶಾಟ್ ತೆಗೆಯಬೇಕು. ಅದರಲ್ಲಿ ದಿನಾಂಕ, ಸಮಯ ಮತ್ತು ಖಾತೆಯ ಯೂಸರ್‌ನೇಮ್ ಕಾಣಬೇಕು. ಮೇಲೆ ದೊಡ್ಡದಾಗಿ ತೋರುವ ಹೆಸರನ್ನು ಯಾರು ಬೇಕಾದರೂ ಬದಲಿಸಿಕೊಳ್ಳಬಹುದು, ಅದನ್ನೊಂದೇ ಹಿಡಿದು ಹುಡುಕಲಾಗದು. ಪ್ರೊಫೈಲ್‌ನ ಲಿಂಕ್ ಕೂಡ ನಕಲು ಮಾಡಿಡಿ. ಆಮೇಲೆ ಆ್ಯಪ್‌ನಲ್ಲಿ ರಿಪೋರ್ಟ್, ನಂತರ ಬ್ಲಾಕ್. ಒಂದಕ್ಷರವೂ ಉತ್ತರ ಬರೆಯಬಾರದು.

ಇಂಥವರು ಎಷ್ಟೋ ಸಲ ತಾವು ಸೋತ ಬೆಟ್‌ನ ಸ್ಲಿಪ್ಪನ್ನೇ ಕಳಿಸುತ್ತಾರೆ. ಅದು ನಿಮ್ಮ ಕೈಗೆ ಸಿಗುವ ಅತ್ಯಂತ ಗಟ್ಟಿ ಸಾಕ್ಷಿ. ಕಂಪನಿಯ ಹೆಸರು, ಬೆಟ್‌ನ ಮೊತ್ತ, ಕೆಲವೊಮ್ಮೆ ಬೆಟ್ ಸಂಖ್ಯೆಯೂ ಅದರಲ್ಲಿರುತ್ತದೆ. ಪರವಾನಗಿ ಪಡೆದ ಕಂಪನಿ ಗ್ರಾಹಕರ ಗುರುತು ಪರಿಶೀಲಿಸಿಯೇ ಖಾತೆ ತೆರೆಯುವುದರಿಂದ ಆ ಮನುಷ್ಯ ಯಾರೆಂದು ಅದಕ್ಕೆ ಗೊತ್ತಿರುತ್ತದೆ. 2025ರ ಜೂನ್‌ನಲ್ಲಿ ಫಿಲಡೆಲ್ಫಿಯಾದ ಕೂಟದಲ್ಲಿ ಓಟಗಾರ್ತಿ ಗ್ಯಾಬಿ ಥಾಮಸ್‌ಗೆ ಕಿರುಕುಳ ಕೊಟ್ಟು, ಅದನ್ನು ತನ್ನ ಬೆಟ್ ಸಮೇತ ಜಂಬದಿಂದ ಪೋಸ್ಟ್ ಮಾಡಿದವನ ಖಾತೆಯನ್ನು ಬೆಟ್ಟಿಂಗ್ ಕಂಪನಿ ಫ್ಯಾನ್‌ಡ್ಯೂಯೆಲ್ ಮುಚ್ಚಿತು. ಆಟಗಾರರನ್ನು ಬೆದರಿಸಿದವರನ್ನು ಬೆಟ್ಟಿಂಗ್‌ನಿಂದಲೇ ಹೊರಗಿಡುವ ಅಧಿಕಾರವನ್ನು ಒಹಾಯೊ ರಾಜ್ಯ 2023ರಲ್ಲೇ ತನ್ನ ನಿಯಂತ್ರಣ ಆಯೋಗಕ್ಕೆ ಕೊಟ್ಟಿದೆ. ಹಾಗಾಗಿ ದೂರು ಕಂಪನಿಗೂ ಹೋಗಲಿ, ರಾಜ್ಯದ ನಿಯಂತ್ರಕರಿಗೂ ಹೋಗಲಿ, ಕಾಲೇಜಿನ ಕ್ರೀಡಾ ವಿಭಾಗದ ಕಂಪ್ಲಯನ್ಸ್ (ನಿಯಮಪಾಲನೆ) ಅಧಿಕಾರಿಗೂ ಹೋಗಲಿ. ಮೆಸೇಜಿನಲ್ಲಿ ಹಾಸ್ಟೆಲ್, ಕ್ಲಾಸಿನ ವೇಳೆ, ಮನೆ ವಿಳಾಸದ ಸುಳಿವಿದ್ದರೆ ಕಾಯಬೇಡಿ, ಆಗಲೇ ಕ್ಯಾಂಪಸ್ ಪೊಲೀಸರಿಗೆ ತಿಳಿಸಿ.

ವೃತ್ತಿಪರ ಟೂರ್ನಿಗಳ ವಿಷಯದಲ್ಲಿ ಮಹಿಳಾ ಟೆನಿಸ್ ಸಂಸ್ಥೆ ಡಬ್ಲ್ಯುಟಿಎ ಮತ್ತು ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ (ಐಟಿಎಫ್) 2024ರಿಂದ ‘ಥ್ರೆಟ್ ಮ್ಯಾಟ್ರಿಕ್ಸ್’ ಎಂಬ ನಿಗಾ ವ್ಯವಸ್ಥೆ ನಡೆಸುತ್ತಿವೆ. ಆ ವರ್ಷ ಪತ್ತೆಯಾದ ನಿಂದನೆಗಳಲ್ಲಿ ಸುಮಾರು ಶೇ 40ರಷ್ಟು ಬೆಟ್‌ನಲ್ಲಿ ಸೋತವರದೇ. ಮಗಳು ಇದನ್ನು ತನ್ನ ಆಟಕ್ಕೆ ಸಿಕ್ಕ ತೀರ್ಪು ಎಂದುಕೊಳ್ಳದಂತೆ ಈ ಅಂಕಿಯನ್ನು ಅವಳಿಗೆ ತೋರಿಸಿ. ಪಂದ್ಯದ ದಿನ ಅಪರಿಚಿತರ ಮೆಸೇಜ್ ರಿಕ್ವೆಸ್ಟ್ ಮುಚ್ಚಿಡಲಿ. ಹಣ ಕಳಿಸುವ ಆ್ಯಪ್ ವೆನ್ಮೋದ ಖಾತೆಯನ್ನು ಪ್ರೈವೇಟ್ ಮಾಡಲಿ, ಸೋತವರು ಅಲ್ಲಿಗೂ ಬಂದು ಹಣ ಕೇಳುತ್ತಾರೆ.

ಪ್ರಶ್ನೆ: ಅಷ್ಟೇನೂ ಹೆಸರಿಲ್ಲದ ಆಟಗಾರರ ಹಿಂದೆ ಬೆಟ್ ಕಟ್ಟುವವರು ಬೀಳುವುದೇಕೆ?
– ಓದುಗ, ಶಿವಮೊಗ್ಗ

ಉತ್ತರ: ಪ್ರಾಪ್ ಬೆಟ್‌ಗಳು ಮುಖ್ಯ ಕಾರಣ. ಯಾವ ತಂಡ ಗೆಲ್ಲುತ್ತದೆ ಎಂಬುದರ ಮೇಲಲ್ಲ, ಒಬ್ಬ ಆಟಗಾರ ಎಷ್ಟು ಅಂಕ, ಎಷ್ಟು ರಿಬೌಂಡ್ ಗಳಿಸುತ್ತಾನೆ ಎಂಬುದರ ಮೇಲೆ ಕಟ್ಟುವ ಬಾಜಿ ಇದು. ಸೋಲಿನ ಸಿಟ್ಟೆಲ್ಲ ಒಬ್ಬನ ಮೇಲೆ ಬೀಳುತ್ತದೆ. ಇಡೀ ಪಂದ್ಯ ಫಿಕ್ಸ್ ಮಾಡಲು ಹಲವರು ಬೇಕು, ಇದಕ್ಕೆ ಒಬ್ಬ ಸಾಕು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಆಟಗಾರ ಜಾಂಟೇ ಪೋರ್ಟರ್ ತನ್ನ ಆರೋಗ್ಯದ ಗುಟ್ಟನ್ನು ಬೆಟ್ ಕಟ್ಟುವವನಿಗೆ ಹೇಳಿ, ಹುಷಾರಿಲ್ಲವೆಂದು ಆಟದ ನಡುವೆ ಹೊರನಡೆದು, 2024ರ ಏಪ್ರಿಲ್‌ನಲ್ಲಿ ಆಜೀವ ನಿಷೇಧಕ್ಕೊಳಗಾದ. ಕಾಲೇಜು ಆಟಗಾರರ ಮೇಲಿನ ಪ್ರಾಪ್ ಬೆಟ್‌ಗಳನ್ನು ಒಹಾಯೊ, ಮೇರಿಲ್ಯಾಂಡ್, ಲೂಸಿಯಾನಾ 2024ರಲ್ಲಿ ನಿಲ್ಲಿಸಿವೆ. ಉಳಿದ ರಾಜ್ಯಗಳೂ ನಿಲ್ಲಿಸಲೇಬೇಕು. ಇದರಷ್ಟು ನೇರವಾದ ರಕ್ಷಣೆ ಇನ್ನೊಂದಿಲ್ಲ.

ಪ್ರಶ್ನೆ: ಮಗನಿಗೆ ಅಮೆರಿಕದ ಕಾಲೇಜಿನಲ್ಲಿ ಟೆನಿಸ್ ಸ್ಕಾಲರ್‌ಶಿಪ್ ಸಿಕ್ಕಿದೆ. ಅಲ್ಲಿ 21 ತುಂಬಿದರೆ ಬೆಟ್ ಕಟ್ಟುವುದು ಕಾನೂನುಬದ್ಧವಂತೆ. ಅವನಿಗೇನು ಹೇಳಿ ಕಳಿಸಲಿ?
– ಒಬ್ಬ ತಂದೆ, ಹುಬ್ಬಳ್ಳಿ

ಉತ್ತರ: 2018ರ ಮೇ 14ರಂದು ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಹಲವು ರಾಜ್ಯಗಳು ಬೆಟ್ಟಿಂಗ್‌ಗೆ ಬಾಗಿಲು ತೆರೆದವು, ನಿಜ. ಆದರೆ ಕಾಲೇಜು ಆಟಗಾರನಿಗೆ ಅಲ್ಲಿನ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎಯ ನಿಯಮ ಬೇರೆ. ಆ ಸಂಸ್ಥೆ ಚಾಂಪಿಯನ್‌ಷಿಪ್ ನಡೆಸುವ ಯಾವುದೇ ಕ್ರೀಡೆಯ ಮೇಲೆ, ಅದರ ವೃತ್ತಿಪರ ಪಂದ್ಯವೇ ಆಗಿರಲಿ, ಬೆಟ್ ಕಟ್ಟುವಂತಿಲ್ಲ. 2025ರಲ್ಲಿ ಇದನ್ನು ಸಡಿಲಿಸಲು ಹೊರಟಾಗ ಕಾಲೇಜುಗಳೇ ಮತ ಹಾಕಿ ತಡೆದವು. ಗೆಳೆಯರ ನಡುವಿನ ದುಡ್ಡಿನ ಪಂಥ, ಪ್ರವೇಶ ಶುಲ್ಕ ಕಟ್ಟುವ ಫ್ಯಾಂಟಸಿ ಲೀಗ್ ಕೂಡ ಬೆಟ್ಟೇ. ಬೇರೆಯವರ ಹೆಸರಿನ ಖಾತೆಯಲ್ಲಿ ಆಡಿದರೂ ಉಳಿಗಾಲವಿಲ್ಲ: ಆ್ಯಪ್ ಫೋನ್ ಇರುವ ಜಾಗವನ್ನು ದಾಖಲಿಸುತ್ತದೆ.

ಇನ್ನು ನಿಮ್ಮ ಮನೆಯ ವಾಟ್ಸ್‌ಆ್ಯಪ್ ಗ್ರೂಪ್. ‘ಮಣಿಕಟ್ಟು ನೋಯ್ತಾ ಇದೆ ಅಪ್ಪಾ, ನಾಳೆ ಆಡ್ತೀನೋ ಇಲ್ವೋ’ ಎಂದು ಮಗ ಬರೆಯುತ್ತಾನೆ, ನೀವು ಅಕ್ಕರೆಯಿಂದ ಅದನ್ನು ನಾಲ್ಕು ಜನಕ್ಕೆ ಫಾರ್ವರ್ಡ್ ಮಾಡುತ್ತೀರಿ. ಬೆಟ್ ಕಟ್ಟುವವರಿಗೆ ಇದೇ ಬೆಲೆಬಾಳುವ ಒಳಸುದ್ದಿ. ಗಾಯ, ತಂಡದ ಆಯ್ಕೆ, ಕೋಚ್ ಜತೆಗಿನ ಮನಸ್ತಾಪ ಇವನ್ನೆಲ್ಲ ಫೋನಿನಲ್ಲಿ ಮಾತಾಡಿಕೊಳ್ಳಿ, ಬರಹದಲ್ಲಿ ಬೇಡ.

ಪ್ರಶ್ನೆ: ನಮ್ಮಲ್ಲಿ ಕ್ರಿಕೆಟ್ ಬೆಟ್ಟಿಂಗ್ ಕಾನೂನುಬಾಹಿರ. ಹಾಗಾದರೆ ನಮ್ಮ ಹುಡುಗರಿಗೆ ಅಪಾಯ ಕಡಿಮೆ ಅಲ್ಲವೇ?
– ಕೋಚ್, ಮೈಸೂರು

ಉತ್ತರ: ಇಲ್ಲ. ಕದ್ದುಮುಚ್ಚಿ ನಡೆಯುವ ಬಾಜಿಯಲ್ಲಿ ದಾಖಲೆಯೇ ಇರುವುದಿಲ್ಲ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಪ್ರಕರಣದಲ್ಲಿ ಸಿಸಿಬಿ ಪೊಲೀಸರು ಆಟಗಾರರನ್ನೇ ಬಂಧಿಸಿದ್ದು ನಿಮಗೆ ನೆನಪಿರಬಹುದು. ಅದೇ ವರ್ಷ ಬಾಂಗ್ಲಾದೇಶದ ಕ್ರಿಕೆಟಿಗ ಶಕೀಬ್ ಅಲ್ ಹಸನ್‌ಗೆ ಎರಡು ವರ್ಷ ನಿಷೇಧ ಬಿತ್ತು (ಅದರಲ್ಲಿ ಒಂದು ವರ್ಷದ ಶಿಕ್ಷೆಯನ್ನು ಅಮಾನತಿನಲ್ಲಿಡಲಾಯಿತು). ಫಿಕ್ಸಿಂಗ್ ಮಾಡಿದ್ದಕ್ಕಲ್ಲ, ಬುಕ್ಕಿ ಸಂಪರ್ಕಿಸಿದ್ದನ್ನು ತಿಳಿಸದೆ ಇದ್ದುದಕ್ಕೆ. ಬೇಡವೆಂದು ಹೇಳಿ ಸುಮ್ಮನಿದ್ದರೂ ಅದು ತಪ್ಪೇ ಎಂಬುದು ಬಹಳ ಹುಡುಗರಿಗೆ ಗೊತ್ತಿಲ್ಲ. ಹೊಸ ಬ್ಯಾಟು, ಶೂ, ಊಟದಿಂದ ಪರಿಚಯ ಶುರುವಾಗಿ, ‘ಪಿಚ್ ಹೇಗಿದೆ’ ಎಂಬ ಪ್ರಶ್ನೆಗೆ ಬಂದಾಗಲೇ ಎಚ್ಚರವಾಗಬೇಕು. ಆ ದಿನವೇ ನಂಬರು, ವೇಳೆ, ಆಡಿದ ಮಾತು ಬರೆದುಕೊಂಡು ಟೂರ್ನಿಯ ಭ್ರಷ್ಟಾಚಾರ ನಿಗ್ರಹ ಅಧಿಕಾರಿಗೆ ತಿಳಿಸಲಿ. ಹುಡುಗ ಅಂಜಿದರೆ ನೀವು ಜತೆಗೆ ಹೋಗಿ.