8.5 ಲಕ್ಷ ದಾನ ಕೊಟ್ಟರೂ ಲೆಕ್ಕದಲ್ಲಿ ಕೊರತೆ ಯಾಕೆ?

ನಿಮ್ಮ ಟ್ರಸ್ಟ್ ಇನ್ನೊಂದು ಟ್ರಸ್ಟಿಗೆ 8.5 ಲಕ್ಷ ದಾನ ಕೊಟ್ಟರೂ ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚು ಸಾಲದು ಅಂತ ಆಡಿಟರ್ ಹೇಳಿದ್ದಾರೆ ಅಂತ ಕೇಳಿದ್ದೀರಿ. ತೆರಿಗೆ ವಿನಾಯಿತಿ ಸಿಗಲು ಟ್ರಸ್ಟ್ ತನ್ನ ಆದಾಯದ ಶೇ. 85ನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು. ಬಹುಶಃ ಇದು ದಾನಕ್ಕೆ ಇರುವ ಇನ್ನೊಂದು ಶೇ. 85ರ ನಿಯಮದ ಹೊಡೆತ. 2023ರ ಏಪ್ರಿಲ್ 1ರಿಂದ ಒಂದು ಟ್ರಸ್ಟ್ ಇನ್ನೊಂದು ನೋಂದಾಯಿತ ಟ್ರಸ್ಟಿಗೆ ಕೊಟ್ಟ ದಾನದಲ್ಲಿ ಶೇ. 85 ಮಾತ್ರ ಖರ್ಚು ಅಂತ ಪರಿಗಣಿಸುತ್ತಾರೆ. ನಿಮ್ಮ ಆದಾಯ 10 ಲಕ್ಷ, ಕೊಟ್ಟದ್ದು 8.5 ಲಕ್ಷ ಅಂದಿರಿ, ಅಂದ್ರೆ ಲೆಕ್ಕಕ್ಕೆ ಬಂದದ್ದು 7,22,500, ಬೇಕಿದ್ದದ್ದು 8.5 ಲಕ್ಷ, ಹಾಗಾಗಿ 1,27,500 ಕೊರತೆ. ನಿಮ್ಮ ಆಡಿಟರ್ ಹೇಳಿದ ಮೊತ್ತವೂ ಇದೇನಾ ನೋಡಿ. ಅದಕ್ಕಿಂತ ಜಾಸ್ತಿ ಇದ್ದರೆ ಕಾರಣ ಬೇರೆ.

ಆಗ ಮೊದಲು ರಸೀದಿ ತೆಗೆದು ನೋಡಿ. ಅದರಲ್ಲಿ 'ಕಾರ್ಪಸ್' (ಮೂಲನಿಧಿ) ಅಂತ ಬರೆದಿದ್ದರೆ ಆ ದಾನ ಲೆಕ್ಕಕ್ಕೆ ಪೂರ್ತಿ ಸೊನ್ನೆ. ಆಮೇಲೆ ಹಣ ಕೊಟ್ಟ ದಿನ ಆ ಸಂಸ್ಥೆಯ 12ಎಬಿ ನೋಂದಣಿ (ಆದಾಯ ತೆರಿಗೆ ಇಲಾಖೆಯಲ್ಲಿ ಟ್ರಸ್ಟಿನ ನೋಂದಣಿ) ಚಾಲ್ತಿಯಲ್ಲಿತ್ತಾ ಅಂತ ಪ್ರಮಾಣಪತ್ರ ತರಿಸಿಕೊಳ್ಳಿ.

ಕೊರತೆ 1,27,500 ಅಷ್ಟೇ ಆಗಿದ್ದರೆ, ಗಡುವು ದಾಟುವ ಮೊದಲು ಫಾರಂ 10 (ಹಣವನ್ನು ಮುಂದಿನ ಬಳಕೆಗೆ ಕೂಡಿಡುತ್ತೇವೆ ಅಂತ ತೆರಿಗೆ ಇಲಾಖೆಗೆ ತಿಳಿಸುವ ನಮೂನೆ) ಹಾಕಿ ಅಷ್ಟನ್ನು ಕೂಡಿಡಬಹುದು, ಉಳಿದ ಒಂದೂವರೆ ಲಕ್ಷ ಕೈಯಲ್ಲೇ ಇದೆಯಲ್ವಾ. ಆದರೆ ಆ ಹಣವನ್ನು 5 ವರ್ಷದೊಳಗೆ ನೀವೇ ಕೆಲಸಕ್ಕೆ ಬಳಸಬೇಕು, ಮತ್ತೆ ಬೇರೆ ಟ್ರಸ್ಟಿಗೆ ದಾಟಿಸುವಂತಿಲ್ಲ. ಸ್ವಂತ ಚಟುವಟಿಕೆ ಇಲ್ಲದ ಸಣ್ಣ ಟ್ರಸ್ಟುಗಳು ಸಿಕ್ಕಿಹಾಕಿಕೊಳ್ಳುವುದೇ ಇಲ್ಲಿ.

ಮುಂದಿನ ಸಲ 10 ಲಕ್ಷವನ್ನೂ ಮಾರ್ಚ್ 31ರೊಳಗೆ ಕೊಟ್ಟುಬಿಡಿ, 8.5 ಲಕ್ಷ ಲೆಕ್ಕಕ್ಕೆ ಬರುತ್ತದೆ. ಪುಸ್ತಕದಲ್ಲಿ ಸುಮ್ನೆ ಬಾಕಿ ತೋರಿಸಿದರೆ ಆಗದು, ಹಣ ನಿಜವಾಗಿ ಹೋಗಿರಬೇಕು.