ಓದುಗರ ಪ್ರಶ್ನೆ, ನಮ್ಮ ಉತ್ತರ: ಕೋಪ ಯಾರ ‘ಮೇಲೆ’, ‘ಆಂಗ್ರಿ’ ಯಾರ ‘ವಿತ್’?

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಈಗ ಖಾಸಗಿ ಕಚೇರಿಯೊಂದರಲ್ಲಿದ್ದೇನೆ. ‘ಹೀ ಈಸ್ ಆಂಗ್ರಿ ಆನ್ ಮಿ’ ಎಂದು ಬರೆದಾಗ ಸಹೋದ್ಯೋಗಿಯೊಬ್ಬರು ತಿದ್ದಿದರು. ‘ಗುಡ್ ಇನ್ ಮ್ಯಾಥ್ಸ್’, ‘ಮ್ಯಾರೀಡ್ ವಿತ್ ಎ ಡಾಕ್ಟರ್’ ಎನ್ನುವುದೂ ಸರಿಯಲ್ಲವಂತೆ. ಗುಣವಾಚಕದ ನಂತರ ಯಾವ ಪ್ರಿಪೊಸಿಷನ್ ಬರಬೇಕೆಂದು ತಿಳಿಯಲು ನಿಯಮವಿದೆಯೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಎಲ್ಲ ಗುಣವಾಚಕಗಳಿಗೂ ಅನ್ವಯಿಸುವ ಒಂದೇ ನಿಯಮವಿಲ್ಲ. ಆದರೆ ನೀವು ಕೊಟ್ಟಿರುವ ಮೂರೂ ಉದಾಹರಣೆಗಳಲ್ಲಿ ತಪ್ಪಿನ ಮೂಲ ಒಂದೇ: ಕನ್ನಡದ ವಿಭಕ್ತಿಯನ್ನು ನೇರವಾಗಿ ಇಂಗ್ಲಿಷಿಗೆ ಇಳಿಸಿರುವುದು. ನಮಗೆ ಕೋಪ ಬರುವುದು ಒಬ್ಬರ ‘ಮೇಲೆ’, ಆದ್ದರಿಂದ ‘ಆನ್’ ಬಂದಿದೆ. ಗಣಿತ‘ದಲ್ಲಿ’ ಜಾಣ ಎನ್ನುವುದರಿಂದ ‘ಇನ್’ ಬಂದಿದೆ. ಡಾಕ್ಟರ ‘ಜೊತೆ’ ಮದುವೆಯಾಗುವುದರಿಂದ ‘ವಿತ್’ ಬಂದಿದೆ. ಇಂಗ್ಲಿಷಿನಲ್ಲಿ ಈ ಆಯ್ಕೆಯನ್ನು ಮಾಡುವುದು ಗುಣವಾಚಕವೇ ಹೊರತು ನಮ್ಮ ಮನಸ್ಸಿನಲ್ಲಿರುವ ಅರ್ಥವಲ್ಲ. ‘ಆಂಗ್ರಿ’ ಎಂಬುದಕ್ಕೆ ವ್ಯಕ್ತಿಯಾದರೆ ‘ವಿತ್’ ಅಥವಾ ‘ಅಟ್’, ವಿಷಯವಾದರೆ ‘ಅಬೌಟ್’ ಸೇರುತ್ತದೆ. ಕೌಶಲವನ್ನು ಹೇಳುವ ‘ಗುಡ್’, ‘ಬ್ಯಾಡ್’, ‘ಕ್ಲೆವರ್’ ಮೊದಲಾದವು ‘ಅಟ್’ ಅನ್ನು ಬಯಸುತ್ತವೆ. ಆದರೆ ‘ವೀಕ್ ಇನ್ ಮ್ಯಾಥ್ಸ್’ ಎನ್ನುವುದು ಒಪ್ಪಿತ ಪ್ರಯೋಗವೇ ಆಗಿರುವುದರಿಂದ ಇದನ್ನೂ ಕಣ್ಣು ಮುಚ್ಚಿ ಪಾಲಿಸುವಂತಿಲ್ಲ. ‘ಮ್ಯಾರೀಡ್’ ನಂತರ ಸಂಗಾತಿಯನ್ನು ಹೇಳಬೇಕಾದರೆ ‘ಟು’ ಬೇಕು. ‘ಮ್ಯಾರೀಡ್ ವಿತ್ ಟೂ ಚಿಲ್ಡ್ರನ್’ ಎಂಬ ಮಾತು ಇಂಗ್ಲಿಷಿನಲ್ಲಿ ಇದೆ ನಿಜ, ಆದರೆ ಅದರ ಅರ್ಥ ಮದುವೆಯಾಗಿದೆ, ಇಬ್ಬರು ಮಕ್ಕಳಿದ್ದಾರೆ ಎಂದಷ್ಟೇ. ಅಲ್ಲಿನ ‘ವಿತ್’ ಸಂಗಾತಿಯನ್ನು ಸೂಚಿಸುವುದಿಲ್ಲ!

ಕನ್ನಡಿಗರನ್ನು ಹೆಚ್ಚು ಕಾಡುವ ಇನ್ನೊಂದು ಗುಂಪು ‘ಆಫ್’ ಬಯಸುವ ಗುಣವಾಚಕಗಳದು. ‘ಪ್ರೌಡ್’, ‘ಅಫ್ರೇಡ್’, ‘ಫಾಂಡ್’, ‘ಜೆಲಸ್’, ‘ಅವೇರ್’, ‘ಕೇಪಬಲ್’ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಮಗಳ ‘ಬಗ್ಗೆ’ ಹೆಮ್ಮೆ ಎನ್ನುವ ನಾವು ‘ಪ್ರೌಡ್ ಅಬೌಟ್’ ಎಂದುಬಿಡುತ್ತೇವೆ. ಸರಿಯಾದದ್ದು ‘ಪ್ರೌಡ್ ಆಫ್ ಹರ್ ಡಾಟರ್’. ನಾಯಿ‘ಗೆ’ ಹೆದರುವವರು ‘ಅಫ್ರೇಡ್ ಟು ಡಾಗ್ಸ್’ ಎಂದು ಬರೆಯುವುದನ್ನು ಉತ್ತರ ಪತ್ರಿಕೆಗಳಲ್ಲಿ ನೋಡಬಹುದು. ಅಲ್ಲಿ ‘ಅಫ್ರೇಡ್ ಆಫ್ ಡಾಗ್ಸ್’ ಎಂದೇ ಇರಬೇಕು.

ಕೆಲವು ಗುಣವಾಚಕಗಳಲ್ಲಿ ಪ್ರಿಪೊಸಿಷನ್ ಬದಲಾದರೆ ಅರ್ಥವೇ ಬದಲಾಗುತ್ತದೆ, ನನ್ನ ದೃಷ್ಟಿಯಲ್ಲಿ ನಿಜವಾಗಿ ಎಚ್ಚರ ವಹಿಸಬೇಕಾದ ಜಾಗ ಇದು. ‘ಟೈರ್ಡ್ ಫ್ರಮ್ ವಾಕಿಂಗ್’ ಎಂದರೆ ನಡೆದು ಕಾಲು ಸೋತಿದೆ ಎಂದರ್ಥ. ‘ಟೈರ್ಡ್ ಆಫ್ ವಾಕಿಂಗ್’ ಎಂದರೆ ನಡೆಯುವುದೇ ಬೇಸರವಾಗಿದೆ ಎಂದರ್ಥ. ಹಾಗೆಯೇ ‘ಗುಡ್ ಅಟ್’ ಜಾಣತನಕ್ಕೆ, ‘ಗುಡ್ ಫಾರ್’ ಹಿತವಾಗುವುದಕ್ಕೆ, ‘ಗುಡ್ ಟು’ ದಯೆಯಿಂದ ನಡೆದುಕೊಳ್ಳುವುದಕ್ಕೆ, ‘ಗುಡ್ ವಿತ್ ಚಿಲ್ಡ್ರನ್’ ಮಕ್ಕಳನ್ನು ಒಲಿಸಿಕೊಳ್ಳಬಲ್ಲವರಿಗೆ ಸಲ್ಲುತ್ತದೆ. ಬಿಡಿಬಿಡಿಯಾಗಿ ಪ್ರಿಪೊಸಿಷನ್‌ಗಳ ಪಟ್ಟಿಯನ್ನು ಉರು ಹೊಡೆಯುವುದಕ್ಕಿಂತ, ಹೊಸ ಗುಣವಾಚಕವೊಂದು ಕಂಡಾಗಲೆಲ್ಲ ಅದರ ಪ್ರಿಪೊಸಿಷನ್ ಸಮೇತ ಒಂದು ಇಡೀ ವಾಕ್ಯವನ್ನೇ ಬರೆದಿಟ್ಟುಕೊಳ್ಳುವುದು ಹೆಚ್ಚು ಉಪಯುಕ್ತ. ಕಲಿಯುವವರಿಗಾಗಿ ಸಿದ್ಧಪಡಿಸಿದ ನಿಘಂಟುಗಳಲ್ಲಿ ಇಂತಹ ಜೋಡಿಗಳನ್ನು ಸಾಮಾನ್ಯವಾಗಿ ದಪ್ಪಕ್ಷರದಲ್ಲಿ ಕೊಟ್ಟಿರುತ್ತಾರೆ.

ಪ್ರಶ್ನೆ: ‘ಹೀ ಈಸ್ ಸೀನಿಯರ್ ದ್ಯಾನ್ ಮಿ’ ಎಂಬುದು ಏಕೆ ತಪ್ಪು? ಹೋಲಿಕೆ ಇದ್ದಲ್ಲಿ ‘ದ್ಯಾನ್’ ಬರಬೇಕಲ್ಲವೇ?
– ಪಿಯುಸಿ ವಿದ್ಯಾರ್ಥಿನಿ, ತುಮಕೂರು

ಉತ್ತರ: ‘ಟಾಲರ್’, ‘ಓಲ್ಡರ್’ ಮುಂತಾದವುಗಳಿಗೆ ‘ದ್ಯಾನ್’ ಸರಿ. ‘ಸೀನಿಯರ್’, ‘ಜೂನಿಯರ್’, ‘ಸುಪೀರಿಯರ್’, ‘ಇನ್ಫೀರಿಯರ್’ ಮಾತ್ರ ಲ್ಯಾಟಿನ್ ಭಾಷೆಯ ತರತಮ ರೂಪಗಳು. ಇಂಗ್ಲಿಷಿಗೆ ಬಂದ ಮೇಲೂ ಇವು ‘ದ್ಯಾನ್’ ಜೊತೆ ಸೇರದೆ ‘ಟು’ ಅನ್ನೇ ಬಯಸುತ್ತವೆ. ಆದ್ದರಿಂದ ‘ಸೀನಿಯರ್ ಟು ಮಿ’ ಎಂದು ಬರೆಯಿರಿ. ‘ಪ್ರಿಫರಬಲ್’ ಕೂಡ ‘ಟು’ ಜೊತೆಗೇ ಬರುತ್ತದೆ, ಅದಕ್ಕೆ ‘ಮೋರ್’ ಸೇರಿಸುವ ಅಗತ್ಯವಿಲ್ಲ.

ಪ್ರಶ್ನೆ: ‘ಡಿಫರೆಂಟ್ ದ್ಯಾನ್’ ಎಂದು ಅಮೆರಿಕದಲ್ಲಿರುವ ನಮ್ಮ ಭಾವ ಬರೆಯುತ್ತಾರೆ. ನಮ್ಮ ಮೇಷ್ಟ್ರು ‘ಫ್ರಮ್’ ಎನ್ನುತ್ತಿದ್ದರು. ಯಾರದು ಸರಿ?
– ಓದುಗರೊಬ್ಬರು, ಶಿರಸಿ

ಉತ್ತರ: ಇಬ್ಬರದೂ ಸರಿ. ‘ದ್ಯಾನ್’ ಅಮೆರಿಕದಲ್ಲಿ ರೂಢಿಯಲ್ಲಿದೆ, ಬ್ರಿಟನ್ನಿನಲ್ಲಿ ‘ಡಿಫರೆಂಟ್ ಟು’ ಕೂಡ ಕೇಳಿಬರುತ್ತದೆ. ಎಲ್ಲ ಕಡೆಯೂ ಆಕ್ಷೇಪವಿಲ್ಲದೆ ನಡೆಯುವುದು ‘ಫ್ರಮ್’ ಆದ್ದರಿಂದ ಪರೀಕ್ಷೆ ಬರೆಯುವವರಿಗೆ ಮೇಷ್ಟ್ರ ಮಾತೇ ಕ್ಷೇಮ.

ಪ್ರಶ್ನೆ: ‘ಐ ಆಮ್ ಯೂಸ್ಡ್ ಟು ಗೆಟ್ ಅಪ್ ಅರ್ಲಿ’ ಎಂಬ ವಾಕ್ಯ ಸರಿಯೇ?
– ಗೃಹಿಣಿ, ಮೈಸೂರು

ಉತ್ತರ: ಬೇಗ ಏಳುವುದು ಅಭ್ಯಾಸವಾಗಿದೆ ಎಂಬುದು ನಿಮ್ಮ ಉದ್ದೇಶವಾದರೆ ‘ಐ ಆಮ್ ಯೂಸ್ಡ್ ಟು ಗೆಟ್ಟಿಂಗ್ ಅಪ್ ಅರ್ಲಿ’ ಎನ್ನಬೇಕು. ಇಲ್ಲಿ ‘ಯೂಸ್ಡ್’ ಗುಣವಾಚಕ, ‘ಟು’ ಅದರ ಪ್ರಿಪೊಸಿಷನ್. ಪ್ರಿಪೊಸಿಷನ್ ನಂತರ ಕ್ರಿಯಾಪದ ಬಂದರೆ ಅದು ‘ಇಂಗ್’ ರೂಪದಲ್ಲಿರಬೇಕು. ‘ಆಮ್’ ಇಲ್ಲದ ‘ಐ ಯೂಸ್ಡ್ ಟು ಗೆಟ್ ಅಪ್ ಅರ್ಲಿ’ ಬೇರೆಯೇ ವಾಕ್ಯ: ಹಿಂದೆ ಬೇಗ ಏಳುತ್ತಿದ್ದೆ, ಈಗ ಏಳುವುದಿಲ್ಲ ಎಂಬ ಧ್ವನಿ ಅದರಲ್ಲಿದೆ. ‘ಅಕಸ್ಟಮ್ಡ್ ಟು’ ನಂತರವೂ ‘ಇಂಗ್’ ರೂಪವನ್ನೇ ಬಳಸಿ.