ವೆಬ್ ಕಂಟೆಂಟ್ ಬರೆಯುವವರು ಇ-ಲರ್ನಿಂಗ್ ಕೆಲಸಕ್ಕೆ ಬರಬಹುದಾ? ಏನು ಕಲಿಯಬೇಕು?

ಖಂಡಿತ ಬರಬಹುದು. ಸರಳವಾಗಿ ಬರೆಯೋದು ನಿಮಗೆ ಆಗಲೇ ಗೊತ್ತು, ಅದೇ ದೊಡ್ಡ ಬಂಡವಾಳ. ಆದರೆ ಲೇಖನ ಓದಿದವರಿಗೆ ವಿಷಯ ತಿಳಿದರೆ ಸಾಕು. ಪಾಠ ಮುಗಿಸಿದವರಿಗೆ ಏನಾದರೂ ಮಾಡಲು ಬರಬೇಕು.

ಯುಪಿಐ ಮೋಸದ ಬಗ್ಗೆ ಪಾಠ ಅಂದುಕೊಳ್ಳಿ. 'ಹಣ ಪಡೆಯಲು ಪಿನ್ ಬೇಕಿಲ್ಲ' ಎಂದು ಬರೆದರೆ ಅದು ಲೇಖನ. ಪಾಠದಲ್ಲಾದರೆ ಕಲಿಯುವವರ ಮುಂದೆ ಒಂದು ಸನ್ನಿವೇಶ ಇಡಿ: ನೀವು ಹಳೇ ಸೋಫಾ ಮಾರುತ್ತಿದ್ದೀರಿ. ಕೊಳ್ಳುವವನು ಕ್ಯೂಆರ್ ಕೋಡ್ ಕಳಿಸಿ, 'ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ' ಅಂತಾನೆ. ಈಗೇನು ಮಾಡ್ತೀರಿ? ಮೂರು ಆಯ್ಕೆ ಕೊಡಿ. ತಪ್ಪು ಆಯ್ಕೆಗಳು ಜನ ನಿಜವಾಗಿ ಮಾಡುವ ತಪ್ಪುಗಳೇ ಆಗಿರಬೇಕು. ಸುಮ್ನೆ ಜಾಗ ತುಂಬಲು ಬರೆದದ್ದನ್ನು ಯಾರೂ ಒತ್ತಲ್ಲ. ಒತ್ತಿದ ಮೇಲೆ 'ತಪ್ಪು' ಅಂದರೆ ಸಾಲದು, ದುಡ್ಡು ಹೇಗೆ ಹೋಯಿತು ಅಂತ ತೋರಿಸಿ. ನನ್ನ ಪ್ರಕಾರ ಈ ಕೆಲಸದಲ್ಲಿ ಜಾಸ್ತಿ ಕಷ್ಟ ಇರೋದು ಇಲ್ಲೇ.

ಟೂಲ್ ಆಮೇಲೆ. ಇಂಥ ಪಾಠ ತಯಾರಿಸುವ ಎಚ್‌5ಪಿ ಓಪನ್ ಸೋರ್ಸ್, ಮೂಡಲ್ ಎಂಬ ಎಲ್‌ಎಂಎಸ್ (ಆನ್‌ಲೈನ್ ಕೋರ್ಸ್ ನಡೆಸುವ ವ್ಯವಸ್ಥೆ) ಜೊತೆ ಹೊಂದುತ್ತೆ, ಅಲ್ಲಿಂದ ಶುರು ಮಾಡಿ. ಇದೇ ಕೆಲಸದ ಇನ್ನೊಂದು ಟೂಲ್ ಸ್ಟೋರಿಲೈನ್ ದುಬಾರಿ. ಸ್ಕಾರ್ಮ್ ಎಂಬ ತಾಂತ್ರಿಕ ಮಾನದಂಡ ಏನೆಂದು ತಿಳಿದಿರಲಿ: ಕಲಿಯುವವರು ಪಾಠ ಮುಗಿಸಿದರಾ, ಎಷ್ಟು ಅಂಕ ಬಂತು ಎಂಬುದು ಎಲ್‌ಎಂಎಸ್‌ಗೆ ಸಾಮಾನ್ಯವಾಗಿ ತಲುಪುವುದು ಅದರ ಮೂಲಕ. ಕೋರ್ಸ್ ಸರ್ಟಿಫಿಕೇಟ್‌ಗಿಂತ, ನಿಮ್ಮದೇ ಹಳೇ ಲೇಖನವೊಂದನ್ನು ಪುಟ್ಟ ಪಾಠವಾಗಿಸಿ ಸಂದರ್ಶನದಲ್ಲಿ ತೋರಿಸಿ.